ನಿಮ್ರ್ ಮರಳುಗಾಡಿನ ಜೊಂಡು

ಒಮಾನ್‌ನ ಮಸ್ಕತ್‌ನಿಂದ ಸಲಾಲಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಾಗಿದರೂ ಕಣ್ಣಿಗೆ ಬೀಳುವುದು ಮರಳು, ಕಲ್ಲು, ಬಿಸಿಲು ಅಷ್ಟೇ. ನಿಮ್ರ್ ತೈಲಕ್ಷೇತ್ರದ ಪಕ್ಕದ ಮಣ್ಣಿನ ಏರಿ ಹತ್ತಿದರೆ ಎದುರಿಗೆ ಆಳೆತ್ತರ ಮೀರಿದ ಜೊಂಡು, ಕಣ್ಣು ಹಾಯುವಷ್ಟು ದೂರ. ಇದು ತಾನಾಗಿ ಹುಟ್ಟಿದ ಜೌಗಲ್ಲ. ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್ ಸಂಸ್ಥೆಗಾಗಿ ಜರ್ಮನಿಯ ಬಾವರ್ ಕಂಪನಿ ಕಟ್ಟಿ, 2010ರ ಕೊನೆಯ ಹೊತ್ತಿಗೆ ನೀರು ಹರಿಸಿದ ಜೌಗು.

ಇಲ್ಲಿ ಒಂದು ಬ್ಯಾರೆಲ್ ಎಣ್ಣೆ ಮೇಲೆತ್ತಿದರೆ ಜೊತೆಗೆ ಸುಮಾರು 10 ಬ್ಯಾರೆಲ್ ನೀರೂ ಬರುತ್ತದೆ. ಎಣ್ಣೆ ಬೆರೆತ ಉಪ್ಪುನೀರು. ಮೊದಲೆಲ್ಲ ಅದನ್ನು ಭಾರೀ ಪಂಪುಗಳಿಂದ ಭೂಮಿಯ ಆಳಕ್ಕೆ ಒತ್ತಿ ಇಳಿಸುತ್ತಿದ್ದರು. ಕೊಳೆಯನ್ನು ಕಣ್ಮರೆ ಮಾಡುವುದಕ್ಕೇ ಅಷ್ಟೊಂದು ವಿದ್ಯುತ್ತು ಖರ್ಚಾಗುತ್ತಿತ್ತು.

ನೀರು ಒಳಬರುವ ಕಡೆಯಿಂದಲೇ ನಡೆಯತೊಡಗಿದೆ. ಹೈಡ್ರೋಸೈಕ್ಲೋನ್ ಎಂಬ ಯಂತ್ರಗಳು ನೀರನ್ನು ಗಿರಗಿರನೆ ಸುತ್ತಿಸಿ, ಬೇರ್ಪಡುವಷ್ಟು ಎಣ್ಣೆಯನ್ನು ತೆಗೆಯುತ್ತವೆ. ಆ ಎಣ್ಣೆ ವ್ಯರ್ಥವಾಗದೆ ತೈಲ ಕಂಪನಿಗೇ ಹಿಂತಿರುಗುತ್ತದೆ. ಮುಂದೆ ಇಳಿಜಾರೇ ನೀರನ್ನು ಜೊಂಡು ಬೆಳೆದ ಒಂದು ಮಡಿಯಿಂದ ಕೆಳಗಿನ ಮಡಿಗೆ ಹರಿಸುತ್ತದೆ, ಪಂಪು ಬೇಕಿಲ್ಲ. ಮೊದಲ ಮಡಿಯ ಅಂಚಿನಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪೊರೆ. ದಂಟುಗಳ ಬುಡದಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಕಪ್ಪು ಗೆರೆ. ಮಡಿಗಳನ್ನು ಇಳಿಯುತ್ತ ಹೋದಂತೆ ಆ ಪೊರೆ ತೆಳುವಾಗಿ, ಕೊನೆಗೆ ಕಾಣದಾಗುತ್ತದೆ.

ಬಾಗಿ ಒಂದು ದಂಟು ಮುರಿದು ನೋಡಿದೆ. ಒಳಗೆ ಟೊಳ್ಳು. ಈ ಜೊಂಡಿನ ಶಕ್ತಿ ಇರುವುದು ಆ ಟೊಳ್ಳಿನಲ್ಲೇ. ಎಲೆಗಳ ಕಡೆಯ ಗಾಳಿ ಅದರೊಳಗಿಂದ ಇಳಿದು, ಉಸಿರಿಲ್ಲದ ಕೆಸರಿನಲ್ಲಿರುವ ಬೇರಿನವರೆಗೂ ತಲುಪುತ್ತದೆ. ಬೇರಿನ ಸುತ್ತ, ನೀರಲ್ಲಿ ಮುಳುಗಿದ ದಂಟಿನ ಮೇಲೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಆ ಆಮ್ಲಜನಕದ ಬಲದಿಂದ ಎಣ್ಣೆಯನ್ನು ಒಡೆದು ತಿನ್ನುತ್ತವೆ. ಅಂದರೆ ನೀರು ತೊಳೆಯುವವರು ಕಣ್ಣಿಗೆ ಕಾಣದವರು. ಜೊಂಡು ಅವರಿಗೆ ಮನೆಯನ್ನೂ ಗಾಳಿಯನ್ನೂ ಕೊಡುತ್ತದೆ. ನೀರುಗಿಡಗಳು ಕೊಳೆನೀರನ್ನು ಶುದ್ಧಗೊಳಿಸಬಲ್ಲವು ಎಂದು ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ಆರಂಭದಲ್ಲಿ ಇಲ್ಲಿಗೆ ಬರುತ್ತಿದ್ದುದು ದಿನಕ್ಕೆ 45,000 ಘನ ಮೀಟರ್, ಅಂದರೆ ನಾಲ್ಕೂವರೆ ಕೋಟಿ ಲೀಟರ್ ನೀರು. ಮುಂದೆ ವಿಸ್ತರಿಸುತ್ತ ಅದು ಒಂದು ಲಕ್ಷ ಘನ ಮೀಟರ್ ದಾಟಿತು. ಇದಕ್ಕೆ ಬೇಕಾದದ್ದು ಜಾಗ: ಜೊಂಡಿಗೇ 360 ಹೆಕ್ಟೇರ್‌ಗೂ ಹೆಚ್ಚು. ಮರಳುಗಾಡಾದ್ದರಿಂದ ಸಿಕ್ಕಿತು. ಆಫ್ರಿಕಾ, ಏಷ್ಯಾ ನಡುವೆ ವಲಸೆ ಹೋಗುವ ಹಕ್ಕಿಗಳು ಈ ಹಸಿರನ್ನು ಕಂಡು ಇಳಿಯುತ್ತವೆ. ನೂರಕ್ಕೂ ಹೆಚ್ಚು ಜಾತಿಗಳು ದಾಖಲಾಗಿವೆ.

ಜೊಂಡು ಎಲ್ಲವನ್ನೂ ಮಾಡದು. ಎಣ್ಣೆ ಹೋದರೂ ಉಪ್ಪು ನೀರಿನಲ್ಲೇ ಉಳಿಯುತ್ತದೆ. ಹಾಗಾಗಿ ಕೊನೆಯ ಮಡಿಯಿಂದ ಹೊರಬಿದ್ದ ನೀರನ್ನು ವಿಶಾಲವಾದ ಆವಿಕೊಳಗಳಿಗೆ ಬಿಡುತ್ತಾರೆ. ಬಿಸಿಲಿಗೆ ನೀರು ಆರಿ ಅಂಚಿನಲ್ಲಿ ಉಪ್ಪು ಹೆಪ್ಪುಗಟ್ಟುತ್ತದೆ. ಸೀಸ, ಕ್ರೋಮಿಯಂ ಬೆರೆತ ಕಾರ್ಖಾನೆ ನೀರಾದರೆ ಕಷ್ಟ ಇನ್ನೂ ದೊಡ್ಡದು. ಲೋಹವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು, ಅದು ಕೆಸರಿನಲ್ಲಿ, ಬೇರಿನಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಕಾರ್ಖಾನೆಯ ಗೋಡೆಯೊಳಗೇ ತೆಗೆಯಬೇಕು. ಜೊಂಡಿದೆಯಲ್ಲ ಎಂದು ವಿಷವನ್ನೆಲ್ಲ ಹೊರಗೆ ಬಿಡುವುದು ಅನ್ಯಾಯ.

ಬೆಂಗಳೂರಿನ ಜಕ್ಕೂರು ಕೆರೆಯಲ್ಲೂ ಸಂಸ್ಕರಿಸಿದ ಕೊಳಚೆ ನೀರು ಕೆರೆ ಸೇರುವ ಮುನ್ನ ಜೊಂಡು ಬೆಳೆದ ಜೌಗನ್ನು ಹಾಯುತ್ತದೆ. ನಿಮ್ಮೂರ ಕೆರೆಗೆ ನೀರು ಒಳಬರುವ ಕಡೆಯೂ ಇಂಥ ಜೊಂಡಿದ್ದೀತು. ಅದನ್ನು ಕಳೆಯೆಂದು ಬುಡಸಮೇತ ಕಿತ್ತು, ಕಲ್ಲು ಕಟ್ಟಿ ಕೆರೆ ಚೆಂದ ಮಾಡುತ್ತೇವೆಂದು ಯಾರಾದರೂ ಬಂದರೆ, ದಯವಿಟ್ಟು ತಡೆಯಿರಿ.