ವಿಮೆಯ ಹಣವೂ ಕನ್ನಡದ ಹಕ್ಕೂ

ವರ್ಷವರ್ಷವೂ ತಪ್ಪದೆ ಆರೋಗ್ಯ ವಿಮೆಯ ಕಂತನ್ನು ಕಟ್ಟಿದ ಗೃಹಸ್ಥನು, ರೋಗದ ಕಾಲದಲ್ಲಿ ನಿರಾಕರಣೆಯ ಪತ್ರವನ್ನು ಕಂಡು ಸಾಲಗಾರನ ಬಾಗಿಲಿಗೆ ಓಡುವುದು ನಮ್ಮ ಪಟ್ಟಣಗಳಲ್ಲಿ ಅಪರೂಪವಲ್ಲ. ಕಂಪೆನಿಗಳ ಲೋಭವನ್ನು ದೂರುವುದು ಸುಲಭ. ಮೂಲವನ್ನು ಶೋಧಿಸದ ದೂರಿನಿಂದ ಫಲವಿಲ್ಲ.

ನಿರಾಕರಣೆಯ ಬೀಜವು ಎಷ್ಟೋ ವೇಳೆ ಅರ್ಜಿಯ ದಿನವೇ ಬೀಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಏಜೆಂಟನು ಬರೆಯದೆ ಬಿಡುತ್ತಾನೆ. ಅರ್ಜಿದಾರನು ಓದದೆ ರುಜು ಮಾಡುತ್ತಾನೆ. ಮುಂದೆ ಆ ರುಜುವೇ ಅವನಿಗೆ ಪ್ರತಿಸಾಕ್ಷಿ. ರೋಗವನ್ನು ತಿಳಿಸಿದವನೂ ಅದರ ಚಿಕಿತ್ಸೆಯ ಹಣಕ್ಕೆ 36 ತಿಂಗಳವರೆಗೆ ಕಾಯಬೇಕಾಗಬಹುದು.

ಎರಡನೆಯ ಎಡವು ಆಸ್ಪತ್ರೆಯ ಬಿಲ್ಲಿನಲ್ಲಿದೆ. ರೋಗಿಯ ಹೆಸರು, ತಾರೀಖುಗಳು ಕಾಗದದಿಂದ ಕಾಗದಕ್ಕೆ ಹೊಂದದಿದ್ದರೆ, ವೈದ್ಯರು ಬರೆದ ರೋಗಕ್ಕೂ ಮಾಡಿದ ಚಿಕಿತ್ಸೆಗೂ ಸಂಬಂಧ ಕಾಣದಿದ್ದರೆ, ಹಣವು ತಡೆಯಲ್ಪಡುತ್ತದೆ. ದಿನಕ್ಕೆ 5,000 ರೂಪಾಯಿ ಕೊಠಡಿ ಬಾಡಿಗೆಯ ಮಿತಿಯುಳ್ಳವನು 10,000 ರೂಪಾಯಿಯ ಕೊಠಡಿಯಲ್ಲಿ ಮಲಗಿದರೆ, ಬಾಡಿಗೆ ಮಾತ್ರವಲ್ಲದೆ ವೈದ್ಯರ ಶುಲ್ಕವೇ ಮುಂತಾದ ವೆಚ್ಚಗಳೂ ಅರ್ಧಕ್ಕಿಳಿಯಬಹುದು. ಇದನ್ನು ದಾಖಲಾಗುವಾಗಲೇ ಅವನಿಗೆ ತಿಳಿಸುವವರಾರು?

ನಿಯಮಗಳಿಲ್ಲವೆಂದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ, ಕಂಪೆನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ನಿರಾಕರಿಸಕೂಡದು. ನಿರಾಕರಿಸಿದಲ್ಲಿ ಪಾಲಿಸಿಯ ಯಾವ ಷರತ್ತಿನ ಮೇರೆಗೆಂಬುದನ್ನು ತಿಳಿಸತಕ್ಕದ್ದು. 60 ತಿಂಗಳು ಅವಿಚ್ಛಿನ್ನವಾಗಿ ನಡೆದ ಪಾಲಿಸಿಯಲ್ಲಿ, ವಂಚನೆ ಸಿದ್ಧವಾದ ಹೊರತು, ಸಂಗತಿ ಮುಚ್ಚಿಟ್ಟನೆಂಬ ಆಕ್ಷೇಪವೂ ನಿಲ್ಲದು.

ಆದರೆ ಷರತ್ತುಗಳು ಜನರಿಗೆ ತಿಳಿಯದ ಭಾಷೆಯಲ್ಲಿರುವಾಗ ನಿಯಮವು ಯಾರ ರಕ್ಷಣೆಗೆ? ಅರ್ಥವಾಗದ ಕರಾರಿಗೆ ಹಾಕಿಸಿದ ರುಜುವನ್ನು ಸಮ್ಮತಿಯೆನ್ನುವುದು ನ್ಯಾಯವೆ? ಪಾಲಿಸಿಯ ಸಾರಾಂಶವಾದ ಗ್ರಾಹಕ ಮಾಹಿತಿ ಪತ್ರವನ್ನು, ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬ ವಿಧಿಯು 2024ರ ಜನವರಿಯಲ್ಲಿ ಜಾರಿಗೆ ಬಂದಿತು. ಕೇಳುವವರು ವಿರಳರು. ಕೇಳದ ಹಕ್ಕು ಪೆಟ್ಟಿಗೆಯಲ್ಲಿಟ್ಟ ಔಷಧ. ಕರ್ನಾಟಕದಲ್ಲಿ ಕಂತು ವಸೂಲುಮಾಡುವ ಕಂಪೆನಿಗಳು ಕೇಳುವ ಮೊದಲೇ ಅದನ್ನು ಕನ್ನಡದಲ್ಲಿ ಕೊಡಬೇಕೆಂದು ನಾವು ಒತ್ತಾಯಿಸುತ್ತೇವೆ.

ನಿರಾಕೃತರಾದವರು ಎದೆಗುಂದಬೇಕಾಗಿಲ್ಲ. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಲಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರ ಕಚೇರಿಗೆ ಮೊರೆಹೋಗಲಿ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಗಳು ಅಲ್ಲಿ ತೀರ್ಮಾನವಾಗುತ್ತವೆ. ಆ ತೀರ್ಪಿಗೆ ಕಂಪೆನಿಯು ಬದ್ಧವು.

ರುಜು ಮಾಡುವ ಮುನ್ನ ಕನ್ನಡದಲ್ಲಿ ಕೇಳಿ, ಓದಿ, ರೋಗವನ್ನು ಮುಚ್ಚಿಡದೆ ಬರೆಯಿಸಿರೆಂದು ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ.