ಕೆಮ್ಮಲಾರದವರ ಮೌನ

"ಕೆಮ್ಮೇ ಇಲ್ಲ ಫಾದರ್, ಎದೆಯ ಚಿಂತೆಯಿಲ್ಲ." ಮರದಿಂದ ಬಿದ್ದು ಕತ್ತಿನ ಬೆನ್ನುಹುರಿಗೆ ಪೆಟ್ಟಾದವರ ಮನೆಗಳಿಗೆ ಹೋದಾಗ ನಾವು ಇಂತಹ ಸಮಾಧಾನದ ಮಾತನ್ನು ಕೇಳುವುದುಂಟು. ಆದರೆ ಅಂಥವರ ಪಾಲಿಗೆ ಆ ಮೌನವೇ ಅಪಾಯದ ಸೂಚನೆಯಾಗಿರಬಹುದು.

ಉಸಿರಾಟದ ಪ್ರಧಾನ ಸ್ನಾಯುವಾದ ವಪೆಯನ್ನು ನಡೆಸುವ ನರಗಳು ಕತ್ತಿನ 3, 4 ಮತ್ತು 5ನೆಯ ಹಂತಗಳಿಂದ ಹೊರಡುತ್ತವೆ. ಅದಕ್ಕೂ ಮೇಲೆ ಬೆನ್ನುಹುರಿಯು ತೀವ್ರವಾಗಿ ಘಾಸಿಗೊಂಡರೆ ಯಂತ್ರವೇ ಉಸಿರಿಗೆ ಆಸರೆ. 1995ರ ಮೇ 27ರಂದು ಅಮೆರಿಕದಲ್ಲಿ ಕುದುರೆಯಿಂದ ಬಿದ್ದ ನಟ ಕ್ರಿಸ್ಟೋಫರ್ ರೀವ್ ಅವರ ಸ್ಥಿತಿ ಇದೇ ಆಯಿತು. ಪೆಟ್ಟು ಕೆಳಗಿದ್ದರೆ ಉಸಿರೇನೋ ಉಳಿಯುತ್ತದೆ. ಆದರೆ ಪಕ್ಕೆಲುಬುಗಳ ನಡುವಣ ಹಾಗೂ ಹೊಟ್ಟೆಯ ಸ್ನಾಯುಗಳು ಸೋತು ಕೆಮ್ಮುವ ಬಲ ಕುಂದುತ್ತದೆ. ಹೊರಬಾರದ ಕಫದಲ್ಲಿ ರೋಗಾಣುಗಳು ಬೆಳೆದು ನ್ಯುಮೋನಿಯ ತಲೆದೋರುತ್ತದೆ. ಇಂಥವರ ಸಾವಿನ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ಸ್ಪರ್ಶಜ್ಞಾನವಿಲ್ಲದ ಎದೆಯಲ್ಲಿ ನೋವು ಸಹ ತಿಳಿಯದಿರಬಹುದು.

ಆದುದರಿಂದ ಮನೆಯವರೇ ಕಾವಲುಗಾರರಾಗಬೇಕು. ಆಗಾಗ ಮಗ್ಗುಲು ಬದಲಿಸುವುದು, ದೀರ್ಘವಾಗಿ ಉಸಿರಾಡಿಸುವುದು, ಕೋಣೆಯಲ್ಲಿ ಹೊಗೆಯಿಲ್ಲದಂತೆ ನೋಡಿಕೊಳ್ಳುವುದು, ವೈದ್ಯರನ್ನು ಕೇಳಿ ಫ್ಲೂ ಹಾಗೂ ನ್ಯುಮೋನಿಯದ ಲಸಿಕೆ ಹಾಕಿಸುವುದು ಅಗತ್ಯ. ರೋಗಿಯು ಕೆಮ್ಮಲು ಯತ್ನಿಸುವ ಕ್ಷಣದಲ್ಲಿಯೇ ಅಂಗೈಗಳಿಂದ ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತಿ ನೆರವಾಗುವ ಕ್ರಮವೊಂದಿದೆ. ಅದನ್ನು ಫಿಸಿಯೋಥೆರಪಿ ಬಲ್ಲವರಿಂದ ಕಲಿತೇ ಮಾಡತಕ್ಕದ್ದು. ಊಟವಾದ ಕೂಡಲೇ ಮಾಡಲಾಗದು. ಜ್ವರ, ಕಫದ ಬಣ್ಣದಲ್ಲಿ ಬದಲಾವಣೆ, ಏದುಸಿರು, ಅಕಾರಣ ಮಂಪರು ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ನಾವು ಯೋಚಿಸದೆಯೇ ಕೆಮ್ಮುತ್ತೇವೆ. ಆ ಬಲವಿಲ್ಲದವರಿಗೆ ನಮ್ಮ ಎರಡು ಕೈಗಳ ಬಲವನ್ನು ಕಡ ಕೊಡುವುದು ಸಾಧ್ಯ. ಕಲಿಯುವ ಮನಸ್ಸೊಂದಿದ್ದರೆ ಸಾಕು.