ಹುಲಿಯನ್ನು ಯಾಕೆ ಉಳಿಸಬೇಕು?



ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಕಾಡಿನ ಮಾತು ಬಂತು. ಒಬ್ಬ ಅಕ್ಕ ಕೇಳಿದರು: "ಹುಲಿ ನಮ್ಮ ಹಸು ತಿನ್ನುತ್ತೆ. ಅದನ್ನ ಯಾಕೆ ಉಳಿಸಬೇಕು?"

ಸರಿಯಾದ ಪ್ರಶ್ನೆ. ಬನ್ನಿ, ತಿಳಿಯೋಣ.

ಹುಲಿ ಬೆಕ್ಕಿನ ಜಾತಿಯ ಪ್ರಾಣಿ. ಈ ಜಾತಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಹಿಂದೆ ನಮ್ಮ ದೇಶದಲ್ಲಿ ಸಾವಿರಾರು ಹುಲಿಗಳಿದ್ದವು. ರಾಜರು, ದೊರೆಗಳು ಮೋಜಿಗೆ ಬೇಟೆಯಾಡಿದರು. ಕಳ್ಳರು ಚರ್ಮಕ್ಕಾಗಿ ಕೊಂದರು. ಕಾಡು ಕಡಿದು ಹೊಲ ಮಾಡಿದೆವು. ಜಿಂಕೆ, ಕಡವೆ ಕಡಿಮೆಯಾದವು. ಹುಲಿಗೆ ಮನೆಯೂ ಹೋಯಿತು, ಊಟವೂ ಹೋಯಿತು.

1972ರಲ್ಲಿ ಕಾಡುಪ್ರಾಣಿಗಳನ್ನು ಉಳಿಸುವ ಕಾನೂನು ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಯಿತು. ಮೊದಲು ಆರಿಸಿದ 9 ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕಾವಲುಗಾರರು ಹಗಲು ರಾತ್ರಿ ಕಾಡು ಸುತ್ತಿದರು. ಕಾಡಿನ ಒಳಗಿದ್ದ ಎಷ್ಟೋ ಜನ ತಮ್ಮ ಹಾಡಿ ಬಿಟ್ಟು ಹೊರಗೆ ಬಂದರು. ಅವರ ಕಷ್ಟವನ್ನೂ ನಾವು ಮರೆಯಬಾರದು.

ಹುಲಿಯನ್ನು ಎಣಿಸೋದು ಹೇಗೆ? ಕಾಡಿನ ದಾರಿಯಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಹುಲಿ ಹಾದುಹೋದರೆ ಫೋಟೋ ತಾನೇ ಬೀಳುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತು ಒಬ್ಬರಂತೆ ಒಬ್ಬರದು ಇರೋದಿಲ್ಲ, ಅಲ್ವಾ? ಹುಲಿಯ ಪಟ್ಟೆಯೂ ಹಾಗೆಯೇ. ಪಟ್ಟೆ ನೋಡಿ ಇದು ಯಾವ ಹುಲಿ ಅಂತ ಹೇಳುತ್ತಾರೆ.

2006ರ ಎಣಿಕೆಯಲ್ಲಿ ದೇಶದಲ್ಲಿ ಸುಮಾರು 1,411 ಹುಲಿಗಳಿದ್ದವು. 2022ರಲ್ಲಿ ಸುಮಾರು 3,682 ಆದವು. ಅದರಲ್ಲಿ ಕರ್ನಾಟಕದ್ದೇ 563.

ಇದರಿಂದ ನಮಗೇನು ಲಾಭ? ಹುಲಿ ಉಳಿಯಬೇಕಾದರೆ ಕಾಡು ಉಳಿಯಬೇಕು. ಕಾಡು ಮಳೆನೀರನ್ನು ಹಿಡಿದಿಟ್ಟು ಹೊಳೆಗೆ ಬಿಡುತ್ತದೆ. ಬಂಡೀಪುರ, ನಾಗರಹೊಳೆ ಕಾಡುಗಳ ನಡುವೆ ಕಬಿನಿ ಹೊಳೆ ಇದೆ. ಅದು ಕಾವೇರಿಗೆ ಸೇರುತ್ತದೆ. ಆ ನೀರು ಗದ್ದೆಗೂ ಬೇಕು, ನಮ್ಮ ಕೊಡಕ್ಕೂ ಬೇಕು. ಹೊಲಕ್ಕೆ ನುಗ್ಗುವ ಜಿಂಕೆ, ಹಂದಿಗಳನ್ನು ಹುಲಿ ಮಿತಿಯಲ್ಲಿ ಇಡುತ್ತದೆ.

ಆದರೆ 2025ರ ಜೂನ್ ತಿಂಗಳಲ್ಲಿ ಏನಾಯಿತು ನೋಡಿ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಅವು ತಿಂದಿದ್ದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಕೆಲವರನ್ನು ಬಂಧಿಸಿದರು.

ಹಸು ಸತ್ತರೆ ಮಕ್ಕಳ ಹಾಲು ನಿಲ್ಲುತ್ತದೆ. ಡೇರಿಯ ದುಡ್ಡೂ ನಿಲ್ಲುತ್ತದೆ. ಸಿಟ್ಟು ಬರೋದು ಸಹಜ. ಆದರೆ ವಿಷ ಹಾಕಿದರೆ ಹಸು ಎದ್ದು ಬರುತ್ತದೆಯೇ? ಆ ಹೆಣ ತಿಂದ ನಾಯಿ, ಹದ್ದುಗಳೂ ಸಾಯುತ್ತವೆ. ಮನೆಯ ಗಂಡಸರು ಜೈಲು ಸೇರುತ್ತಾರೆ. ಮನೆ ನಡೆಸುವ ಕಷ್ಟ ಮತ್ತೆ ನಮ್ಮ ತಲೆಗೇ.

ಹಾಗಾದರೆ ಏನು ಮಾಡಬೇಕು?

ಹಸುವಿನ ಹೆಣವನ್ನು ಸಾಗಿಸಬೇಡಿ. ಹತ್ತಿರ ಹೋಗಬೇಡಿ, ಹುಲಿ ಮತ್ತೆ ಬರಬಹುದು. ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಿ. ಅವರು ಬಂದು ನೋಡಲಿ, ಫೋಟೋ ತೆಗೆಯಲಿ. ಪರಿಹಾರಕ್ಕೆ ಅರ್ಜಿ ಕೊಡಿ. ಅರ್ಜಿ ತಲುಪಿದ್ದಕ್ಕೆ ರಸೀದಿ ಕೇಳಿ. ತಡವಾದರೆ ಐದಾರು ಜನ ಒಟ್ಟಿಗೆ ಹೋಗಿ ವಿಚಾರಿಸಿ.

ಸೌದೆಗೆ, ದನ ಮೇಯಿಸಲಿಕ್ಕೆ ಕಾಡಂಚಿಗೆ ಒಬ್ಬರೇ ಹೋಗಬೇಡಿ. ಮುಂಜಾನೆ, ಮುಸ್ಸಂಜೆ ಹೋಗಲೇಬೇಡಿ. ರಾತ್ರಿ ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ.

ಮೊದಲು ಅರ್ಜಿ ಬರೆಸಲು ನಾವು ಇನ್ನೊಬ್ಬರನ್ನು ಹುಡುಕಬೇಕಿತ್ತು. ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈಗ ಅಕ್ಷರ ಬಂದಿದೆ. ನಮ್ಮ ಅರ್ಜಿಯನ್ನು ನಾವೇ ಬರೆಯೋಣ, ಕೆಳಗೆ ನಮ್ಮ ಸಹಿ ಹಾಕೋಣ.

ನಮ್ಮ ಹಸುವಿಗೆ ನ್ಯಾಯ ಸಿಗಲಿ. ಹುಲಿಯ ಮರಿಗಳೂ ಬದುಕಲಿ.